ಭೂಮ್ತಾಯಿಗೆ ಚರಗ ಆತು, ಮನಿ ತಾಯಿಗೆ ಏನು?

ಸಿಂಧನೂರು, ಮಸ್ಕಿ, ಲಿಂಗಸುಗೂರು. ಒಂದೇ ರಸ್ತೆಯ ಮೂರು ಊರುಗಳಿವು. ನೀರಿನ ಭಾಗ್ಯ ಮಾತ್ರ ಬೇರೆ ಬೇರೆ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆ; ಮಸ್ಕಿ, ಲಿಂಗಸುಗೂರು ಕಡೆ ಮುಗಿಲು ನೋಡುವ ಹೊಲಗಳೇ ಬಹಳ. ಆದರೆ ಎಳ್ಳ ಅಮಾಸಿ ಬಂತೆಂದರೆ ಈ ಭೇದ ಉಳಿಯುವುದಿಲ್ಲ. ಒಕ್ಕಲು ಮನೆಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲದ ಹಾದಿ ಹಿಡಿಯುತ್ತವೆ.

ಆ ಹೊತ್ತಿಗೆ ಎರೆಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಭೂಮ್ತಾಯಿ ಈಗ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಿರಿಯರ ನಂಬಿಕೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ ಎಲ್ಲದರಲ್ಲೂ ಒಂದಿಷ್ಟು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಭೂಮಿಗೆ ಉಣಿಸಿದ ಮೇಲೆಯೇ ಮನೆಮಂದಿಯ ಊಟ. ಕೊಟ್ಟವಳನ್ನು ನೆನೆಯದೆ ಉಣ್ಣಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಪಾಠ ದೊಡ್ಡದು, ಒಂದು ಲೆಕ್ಕ ಮಾತ್ರ ಬಾಕಿ ಉಳಿದಿದೆ. ಆ ಬುತ್ತಿ ಕಟ್ಟಲು ನಸುಕಿನಲ್ಲೇ ಎದ್ದು ಒಲೆಯ ಮುಂದೆ ಕುಂತವಳು ಯಾರು? ಹೊಲದಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಂಡವಳು ಯಾರು? ಭೂಮಿಗಾದರೆ ವರ್ಷಕ್ಕೊಮ್ಮೆ ಮೊದಲ ತುತ್ತು. ಮನೆಯಾಕೆಗೆ ವರ್ಷದ ಅಷ್ಟೂ ದಿನ ಕಡೆಯ ತುತ್ತೇ.

ನಿಂತಾಗಲೇ ಬೆಲೆ

ಸುಮ್ಮನೆ ಸಿಗುವುದರ ಬೆಲೆ ಅದು ನಿಂತಾಗ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಆವರೆಗೆ ಕಾಲುವೆಯ ನೀರೆಂದರೆ ಬರುವುದೇ ಸೈ ಎಂದುಕೊಂಡಿದ್ದ ರೈತರು ನಿದ್ದೆಗೆಟ್ಟರು. ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಮತ್ತೆ ಮಳೆ ಬಂದು ಡ್ಯಾಂ ತುಂಬಿತು. ಆ ಒಂದು ವಾರ ನೀರಿನ ಬೆಲೆ ಕಲಿಸಿಹೋಯಿತು.

ಮನೆಯ ಕತೆಯೂ ಇದೇ. ಅವ್ವ ನಾಲ್ಕು ದಿನ ಜ್ವರ ಹಿಡಿದು ಮಲಗಲಿ. ರೊಟ್ಟಿ ತಟ್ಟುವ ಸಪ್ಪಳ ನಿಂತಾಗ ಮನೆ ಹೇಗಿರುತ್ತದೆಂದು ತಿಳಿಯುತ್ತದೆ. ಅಲ್ಲಿಯವರೆಗೆ ಪಲ್ಯಕ್ಕೆ ಉಪ್ಪು ಕಮ್ಮಿ ಎಂದವರೇ ಹೆಚ್ಚು, ರುಚಿ ಆಗೇತಿ ಎಂದವರು ಕಮ್ಮಿ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತದೆ ಗಾದೆ. ಪರರ ಮನೆಯಲ್ಲಿ ಉಂಡರೆ ಈ ಗಾದೆ ನೆನಪಾಗುತ್ತದೆ, ಸ್ವಂತ ಮನೆಯಲ್ಲಿ ಮರೆಯುತ್ತದೆ.

ದುಡಿಯಲು ಬೆಂಗಳೂರಿಗೆ ಹೋದ ಈ ಸೀಮೆಯ ಹುಡುಗರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಊರಿಂದ ಬಂದ ಗಂಟಿನಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಂಡರೆ ಸಾಕು, ಅವ್ವನ ಕೈ ಕಂಡಂತೆ ಆಗುತ್ತದೆ. ದೂರ ಹೋದವರಿಗೆ ತಿಳಿದದ್ದು ಹತ್ತಿರ ಇದ್ದವರಿಗೆ ತಿಳಿಯಬಾರದೇಕೆ?

ಮಸ್ಕಿ ಬಂಡೆಯ ಮಾತು

ದೊಡ್ಡವರು ಮಾತ್ರವಲ್ಲ, ಸಣ್ಣವರೂ ಧರ್ಮದಿಂದ ನಡೆದರೆ ದೊಡ್ಡ ಫಲ ಪಡೆಯಬಲ್ಲರು ಎಂಬ ಮಾತು ಮಸ್ಕಿಯ ಅಶೋಕನ ಶಾಸನದಲ್ಲಿದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಾಸನವಿದು. ಅದೇ ಅರಸ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ತಾಯಿತಂದೆಯರ ಸೇವೆ ಮಾಡಬೇಕೆಂದು ಬರೆಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ಮಾತನ್ನು ಬಂಡೆಗೆ ಕೊರೆಸಬೇಕಾಯಿತು ಎಂದರೆ, ಮರೆಯುವ ರೋಗ ಹಳೆಯದೇ ಇರಬೇಕು!

ಇಲ್ಲಿಯ ಮನೆಗಳಲ್ಲಿ "ಧನ್ಯವಾದ" ಎಂದು ಯಾರೂ ಅನ್ನುವುದಿಲ್ಲ. ಅದು ಸಭೆಯ ಕಡೆಗೆ ವಂದನಾರ್ಪಣೆಯವರು ಹೇಳುವ ಮಾತು. ಹಂಡತಿಗೆ ಧನ್ಯವಾದ ಹೇಳಿದರೆ "ಇವರಿಗೇನಾತು?" ಎಂದು ಆಕೆ ಗಾಬರಿಯಾದಾಳು. ಇಲ್ಲಿಯ ಮಾತೇ ಬೇರೆ. ಬಾಯಾರಿದವನಿಗೆ ನೀರು ಕೊಟ್ಟರೆ ಮುದುಕರು "ನಿನ್ನ ಹೊಟ್ಟಿ ತಣ್ಣಗಿರ್ಲೆವ್ವ" ಎನ್ನುತ್ತಾರೆ. ದಸರೆಯಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎಂದರೆ ವರ್ಷದ ಜಗಳ ಅಲ್ಲಿಗೆ ತೀರಿತು.

ಇನ್ನೊಂದು ಮಾತಿದೆ: "ಊಟ ಆತೇನ್ರಿ?" ಅಂಗಡಿಕಾರ ಗಿರಾಕಿಯನ್ನು ಕೇಳುತ್ತಾನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಂತ ಗುರುತಿಲ್ಲದವರೂ ಕೇಳುತ್ತಾರೆ. ಊರಿಗೆಲ್ಲ ಕೇಳುವ ಈ ಮಾತನ್ನು, ಮೂರು ಹೊತ್ತು ಬಡಿಸಿದವಳಿಗೆ ಕೇಳಿದವರೆಷ್ಟು ಮಂದಿ? ಕೇಳಲಿಕ್ಕೆ ದುಡ್ಡು ಹತ್ತುವುದಿಲ್ಲ, ಹಬ್ಬ ಬರಬೇಕಿಲ್ಲ.

ಇವತ್ತು ಅಂಗಡಿ ಬಾಗಿಲು ಹಾಕಿದ ಮೇಲೆ, ಬಸ್ಸಿಳಿದು ಮನೆ ಸೇರಿದ ಮೇಲೆ, ಗಂಗಾಳದ ಮುಂದೆ ಕೂಡುವ ಮೊದಲು ಒಮ್ಮೆ ಕೇಳಿ ನೋಡಲಿ: "ನಿಂದು ಊಟ ಆತೇನು? ಬಾ, ಕೂಡೇ ಉಣ್ಣೋಣು."