ಪೇಟಿಯ ಸ್ವರ ಕೆಟ್ಟರೆ ಏನು ಮಾಡೋಣ?

ಅಕ್ಕಂದಿರೇ,

ನಮ್ಮ ಊರುಗಳಲ್ಲಿ ಭಜನೆ ಇದೆ. ನಾಟಕ ಇದೆ. ಇವಕ್ಕೆ ಹಾರ್ಮೋನಿಯಂ ಬೇಕು. ಉತ್ತರ ಕರ್ನಾಟಕದ ಕಡೆ ಇದನ್ನು ಪೇಟಿ ಅಂತೇವೆ.

ಕೆಲವೊಮ್ಮೆ ಹಾಡು ಪೇಟಿಗೆ ಸೇರುವುದಿಲ್ಲ. ಆಗ ಎಲ್ಲರೂ ಹಾಡುವವಳನ್ನೇ ನೋಡುತ್ತಾರೆ. “ನಿನ್ನ ದನಿ ಸರಿ ಇಲ್ಲ ಬಿಡವ್ವಾ” ಅಂತಾರೆ. ತಪ್ಪು ದನಿಯದೋ, ಪೇಟಿಯದೋ? ಪತ್ತೆ ಹಚ್ಚುವುದು ಹೇಗೆ? ಬನ್ನಿ, ತಿಳಿಯೋಣ.

ಪೇಟಿ ಹೇಗೆ ನುಡಿಯುತ್ತದೆ?

ಕಮ್ಮಾರನ ಕುಲುಮೆ ನೋಡಿದ್ದೇವೆ. ಅಲ್ಲಿ ತಿತ್ತಿ ಇರುತ್ತದೆ. ತಿತ್ತಿ ಒತ್ತಿದರೆ ಗಾಳಿ ನುಗ್ಗುತ್ತದೆ. ಪೇಟಿಯ ಹಿಂದೆಯೂ ಅಂಥದೇ ತಿತ್ತಿ ಇದೆ. ಒಂದು ಕೈಯಿಂದ ತಿತ್ತಿ ಒತ್ತುತ್ತೇವೆ. ಇನ್ನೊಂದು ಕೈಯಿಂದ ಬಿಳಿ ಮನೆ, ಕರಿ ಮನೆ ಒತ್ತುತ್ತೇವೆ. ಒಳಗೆ ಒಂದೊಂದು ಮನೆಗೂ ಹಿತ್ತಾಳೆಯ ತೆಳು ನಾಲಿಗೆ ಇದೆ. ಇದರ ಹೆಸರು ರೀಡು. ಗಾಳಿ ತಾಗಿದರೆ ರೀಡು ಅದುರುತ್ತದೆ. ಆಗ ಸ್ವರ ಬರುತ್ತದೆ. ಬೇಗ ಅದುರಿದರೆ ಸ್ವರ ಏರುತ್ತದೆ. ನಿಧಾನ ಅದುರಿದರೆ ಇಳಿಯುತ್ತದೆ.

ತಂಬೂರಿಯ ತಂತಿಯನ್ನು ಬಿಗಿ ಮಾಡಬಹುದು. ಸಡಿಲ ಮಾಡಬಹುದು. ಪೇಟಿಯಲ್ಲಿ ಆ ಅನುಕೂಲ ಇಲ್ಲ. ಸ್ವರವನ್ನು ಎಳೆದು ಬಾಗಿಸಲೂ ಬರುವುದಿಲ್ಲ. ಇಂಥ ಕಾರಣ ಹೇಳಿ ೧೯೪೦ರಲ್ಲಿ ರೇಡಿಯೋದವರು ಪೇಟಿಯನ್ನು ನಿಷೇಧಿಸಿದ್ದರು. ೧೯೭೧ರಲ್ಲಿ ಆ ನಿಷೇಧ ಸಡಿಲವಾಯಿತು. ಊರಿನ ಭಜನೆಯವರು ಮಾತ್ರ ಪೇಟಿಯನ್ನು ಬಿಡಲೇ ಇಲ್ಲ.

ಮೊದಲು ಗಾಳಿ ನೋಡೋಣ

ಮುಂದಿನ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಮುಚ್ಚೋಣ. ಯಾವ ಮನೆಯನ್ನೂ ಒತ್ತುವುದು ಬೇಡ. ತಿತ್ತಿ ಮಾತ್ರ ಒತ್ತೋಣ. ನಾಲ್ಕಾರು ಸಲ ಒತ್ತಿದ ಮೇಲೆ ಕೈಗೆ ಬಿಗಿ ಹತ್ತಬೇಕು. ಹತ್ತದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಒದ್ದೆ ಕೈಯನ್ನು ತಿತ್ತಿಯ ಮಡಿಕೆಯ ಹತ್ತಿರ ಹಿಡಿಯೋಣ. ಸೋರುವ ಕಡೆ ಕೈಗೆ ತಂಪು ತಿಳಿಯುತ್ತದೆ. ಇಲಿ, ಜಿರಲೆ ಕಡಿದು ತೂತು ಆಗಿರಬಹುದು. ಮೆತ್ತನೆಯ ತೆಳು ಚರ್ಮಕ್ಕೆ ಅಂಟು ಹಚ್ಚಿ ತೂತು ಮುಚ್ಚಬೇಕು. ಒಂದು ದಿನ ಒಣಗಲು ಬಿಡಬೇಕು.

ಗಾಳಿ ಸೋರಿದರೆ ಸ್ವರ ಒಮ್ಮೆ ಜೋರು, ಒಮ್ಮೆ ಸಣ್ಣ ಆಗುತ್ತದೆ. ಇದು ಸರಿಯಾಗದೆ ರೀಡು ಮುಟ್ಟಬಾರದು.

ಆಮೇಲೆ ಧೂಳು ನೋಡೋಣ

ಒಂದು ಮನೆ ಒತ್ತದೆಯೇ ಕೂಗುತ್ತಿದೆಯೇ? ಅದರ ಕೆಳಗೆ ಕಸ ಸಿಕ್ಕಿರಬಹುದು. ಸ್ಪ್ರಿಂಗು ಸಡಿಲ ಆಗಿರಬಹುದು. ಮಳೆಗಾಲದಲ್ಲಿ ಮರ ಉಬ್ಬಿ ಮನೆ ಸಿಕ್ಕಿಕೊಂಡಿರಬಹುದು. ಒತ್ತಿದರೂ ನುಡಿಯುತ್ತಿಲ್ಲವೇ? ರೀಡಿನ ಸಂದಿಯಲ್ಲಿ ಧೂಳು ಕೂತಿರಬಹುದು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯೋಣ. ನೀರು ಹಾಕಿದರೆ ಹಿತ್ತಾಳೆ ಕಿಲುಬುತ್ತದೆ. ಎಣ್ಣೆ ಹಾಕಿದರೆ ಧೂಳು ಅಂಟುತ್ತದೆ. ಎರಡೂ ಬೇಡ.

ಕೊನೆಗೆ ಸ್ವರ ನೋಡೋಣ

ಕೆಳಗಿನ ಸ, ಮೇಲಿನ ಸ ಎರಡನ್ನೂ ಒಟ್ಟಿಗೆ ಒತ್ತೋಣ. ಹಾಲಿನಲ್ಲಿ ಸಕ್ಕರೆ ಕರಗಿದ ಹಾಗೆ ಎರಡೂ ಬೆರೆಯಬೇಕು. “ವಂವ್ ವಂವ್” ಅಂತ ದನಿ ತೂಗಿದರೆ ಒಂದು ರೀಡು ತಪ್ಪಿದೆ. ಏಕೆ ತೂಗುತ್ತದೆ? ಕೆಳಗಿನ ಸ ಸೆಕೆಂಡಿಗೆ ೨೪೦ ಸಲ ಅದುರುತ್ತದೆ ಅನ್ನೋಣ. ಮೇಲಿನ ಸ ಅದರ ಎರಡರಷ್ಟು, ಅಂದರೆ ೪೮೦ ಸಲ ಅದುರಬೇಕು. ೪೮೩ ಸಲ ಅದುರಿದರೆ ಸೆಕೆಂಡಿಗೆ ೩ ಸಲ ತೂಗುತ್ತದೆ. ತೂಗು ನಿಧಾನ ಆದಷ್ಟೂ ತಪ್ಪು ಸಣ್ಣದು.

ಯಾವ ರೀಡು ತಪ್ಪಿದೆ? ಪೇಟಿಯಲ್ಲಿ ಇನ್ನೂ ಒಂದು ಸ ಇದ್ದರೆ ಅದರ ಜೊತೆಗೂ ನೋಡೋಣ. ಎಲ್ಲದರ ಜೊತೆ ತೂಗುವುದೇ ತಪ್ಪಿದ್ದು. ಹೀಗೇ ರಿ, ಗ, ಮ, ಪ, ದ, ನಿ ನೋಡೋಣ. ತಪ್ಪಿದ ಮನೆಗಳನ್ನು ಚೀಟಿಯಲ್ಲಿ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ರಿಪೇರಿ ಹೇಗೆ ಮಾಡುತ್ತಾರೆ?

ರೀಡಿನ ತುದಿಯನ್ನು ಚೂರು ಕೆರೆದರೆ ತುದಿ ಹಗುರ ಆಗುತ್ತದೆ. ಬೇಗ ಅದುರುತ್ತದೆ. ಸ್ವರ ಏರುತ್ತದೆ. ಬುಡ ಕೆರೆದರೆ ಬುಡದ ಬಿಗಿ ಕಡಿಮೆ ಆಗುತ್ತದೆ. ಸ್ವರ ಇಳಿಯುತ್ತದೆ. ಕೆರೆದ ಹಿತ್ತಾಳೆ ಮತ್ತೆ ಬರುವುದಿಲ್ಲ. ಆದ್ದರಿಂದ ಈ ಕೆಲಸ ಕೈ ಪಳಗಿದವರೇ ಮಾಡಲಿ.

ಚೀಟಿ ಹಿಡಿದು ರಿಪೇರಿಯವರ ಹತ್ತಿರ ಹೋಗೋಣ. “ಎಲ್ಲಾ ರೀಡು ಬದಲಿಸಬೇಕು” ಅಂದರೆ ಚೀಟಿ ತೋರಿಸೋಣ. “ಅಣ್ಣಾ, ಈ ಮೂರೇ ತಪ್ಪಿವೆ. ನೀವೂ ಒತ್ತಿ ನೋಡಿ” ಅನ್ನೋಣ. ಎಷ್ಟು ದುಡ್ಡು ಅಂತ ಮೊದಲೇ ಕೇಳೋಣ. ರಸೀದಿ ಪಡೆಯೋಣ. ಸಂಘದ ದುಡ್ಡು ಉಳಿಯುತ್ತದೆ.

ಪೇಟಿ ಸರಿ ಇದ್ದರೆ?

ಎಲ್ಲ ನೋಡಿದೆವು. ಪೇಟಿ ಸರಿ ಇದೆ. ಆದರೂ ಹಾಡು ಸೇರುತ್ತಿಲ್ಲ. ಆಗ ಶ್ರುತಿ ಯಾವುದು ಅಂತ ಕೇಳೋಣ. ಗಂಡಸರು ಹೆಚ್ಚಾಗಿ ಕರಿ ಒಂದರ ಹತ್ತಿರ ಹಾಡುತ್ತಾರೆ. ನಮ್ಮಲ್ಲಿ ಬಹಳ ಜನರಿಗೆ ಬಿಳಿ ಐದು, ಕರಿ ನಾಲ್ಕು ಒಗ್ಗುತ್ತವೆ. ಗಂಡಸರ ಶ್ರುತಿಗೆ ಹಾಡಹೋದರೆ ದನಿ ಮೇಲೆ ಕಿರುಚುತ್ತದೆ, ಇಲ್ಲವೇ ಕೆಳಗೆ ಅಡಗುತ್ತದೆ. ಇದು ದನಿಯ ದೋಷ ಅಲ್ಲ. ನುಡಿಸುವವರಿಗೆ “ನಮ್ಮ ಶ್ರುತಿ ಹಿಡಿಯಿರಿ” ಅಂತ ಹೇಳೋಣ.

ನೆನಪಿಡೋಣ

ಪೇಟಿಯನ್ನು ಬಟ್ಟೆ ಮುಚ್ಚಿ ಇಡೋಣ.
ಬಿಸಿಲಿಗೆ, ಒದ್ದೆ ನೆಲಕ್ಕೆ ಇಡುವುದು ಬೇಡ.
ವಾರಕ್ಕೊಮ್ಮೆಯಾದರೂ ನುಡಿಸೋಣ.

ಮಾತಾಡೋಣ

ನಮ್ಮ ಸಂಘದ ಪೇಟಿಯಲ್ಲಿ ಯಾವ ಮನೆ ತಪ್ಪಿದೆ?
ನಮ್ಮ ದನಿಗೆ ಯಾವ ಶ್ರುತಿ ಒಗ್ಗುತ್ತದೆ?
ನಮ್ಮಲ್ಲಿ ಪೇಟಿ ನುಡಿಸಲು ಯಾರು ಕಲಿಯುತ್ತೀರಿ?