ಕ್ಯಾಪ್ಟನ್ ಬಾಲ್ಡಿನ್‌ನ ಸೂಟ್‌ಕೇಸು

1945ರಲ್ಲಿ ಯುದ್ಧ ಮುಗಿದಾಗ ಸೋವಿಯತ್ ಸೇನೆಯ ಎಂಜಿನಿಯರ್ ದಳವೊಂದು ಬರ್ಲಿನ್‌ನ ವಾಯವ್ಯಕ್ಕಿರುವ ಕಾರ್ನ್‌ತ್ಸೋ ಬಂಗಲೆಯಲ್ಲಿ ಬೀಡುಬಿಟ್ಟಿತ್ತು. ದಳ ಅಲ್ಲಿಂದ ಹೊರಡುವ ಹೊತ್ತಿಗೆ ಸೈನಿಕರು ಕ್ಯಾಪ್ಟನ್ ವಿಕ್ಟರ್ ಬಾಲ್ಡಿನ್‌ನನ್ನು ನೆಲಮಾಳಿಗೆಗೆ ಕರೆದರು. ನೆಲದ ತುಂಬ ಹಳೆಯ ಚಿತ್ರಗಳ ಹಾಳೆಗಳು. ಬಂದವರು ಹೋದವರು ಅವನ್ನೇ ತುಳಿದು ಓಡಾಡುತ್ತಿದ್ದರು.

ಬಾಲ್ಡಿನ್ ಹಳೆಯ ಕಟ್ಟಡಗಳ ಜೀರ್ಣೋದ್ಧಾರ ಕಲಿತ ವಾಸ್ತುಶಿಲ್ಪಿ. ಆಗಿನ್ನೂ ಇಪ್ಪತ್ತೈದರ ಹರೆಯ. ಕಾಲಡಿ ಬಿದ್ದಿರುವುದು ಏನೆಂದು ಅಲ್ಲಿದ್ದವರಲ್ಲಿ ಬಲ್ಲವನು ಅವನೊಬ್ಬನೇ ಇರಬೇಕು. ದಪ್ಪ ರಟ್ಟಿಗೆ ಅಂಟಿಸಿದ್ದ ಚಿತ್ರಗಳನ್ನು ರಾತ್ರಿಯೆಲ್ಲ ಮೇಣದಬತ್ತಿಯ ಬೆಳಕಿನಲ್ಲಿ ಬಿಡಿಸಿ ಸೂಟ್‌ಕೇಸಿಗೆ ತುಂಬಿದ. ದಾರಿಯಲ್ಲಿ ಜತೆಯವರ ಬಳಿ ಕಂಡ ಹಾಳೆಗಳಿಗೂ ಚೌಕಾಸಿ ಮಾಡಿದ. ಜರ್ಮನ್ ಕಲಾವಿದ ಡ್ಯೂರರ್ ಬರೆದ ಕ್ರಿಸ್ತನ ಮುಖವೊಂದಕ್ಕೆ ಒಂದು ಜೊತೆ ಬೂಟು ತೆತ್ತನಂತೆ. ಕೊನೆಗೆ ಅವನ ಬಳಿ ಉಳಿದದ್ದು 362 ರೇಖಾಚಿತ್ರ, ಎರಡು ವರ್ಣಚಿತ್ರ.

ಅವೆಲ್ಲ ಜರ್ಮನಿಯ ಬ್ರೆಮೆನ್ ನಗರದ ಕುನ್ಸ್ಟ್‌ಹಾಲೆ ಮ್ಯೂಸಿಯಂನವು. ಅದು ಸರ್ಕಾರದ್ದಲ್ಲ, 1823ರಲ್ಲಿ ಊರಿನ ಕಲಾಸಕ್ತರು ಕಟ್ಟಿಕೊಂಡ ಸಂಘದ ಸ್ವತ್ತು. ಸೆನೆಟರ್ ಹಿರೊನಿಮಸ್ ಕ್ಲುಗ್‌ಕಿಸ್ಟ್ ಜೀವಮಾನವಿಡೀ ಸೇರಿಸಿದ ಡ್ಯೂರರ್ ಚಿತ್ರಗಳನ್ನೂ ಮುದ್ರಣಗಳನ್ನೂ 1851ರಲ್ಲಿ ಈ ಸಂಘಕ್ಕೇ ಬಿಟ್ಟುಹೋಗಿದ್ದರು. ಕಟ್ಟಡಕ್ಕೆ ಬಾಂಬು ಬಿದ್ದ ಮೇಲೆ, 1943ರಲ್ಲಿ, ಸುರಕ್ಷಿತವಾಗಿರಲೆಂದು ಸಾವಿರಾರು ಹಾಳೆಗಳನ್ನು ಕಾರ್ನ್‌ತ್ಸೋಗೆ ಸಾಗಿಸಿದ್ದರು. ಎಂಥ ಸುರಕ್ಷತೆ!

ಬಾಲ್ಡಿನ್ ತನ್ನ ಪಾಲನ್ನು ಮಾಸ್ಕೋದ ಶ್ಚೂಸೆವ್ ವಾಸ್ತುಶಿಲ್ಪ ಮ್ಯೂಸಿಯಂಗೆ ಒಪ್ಪಿಸಿದ. ಮುಂದೆ ಅದರ ನಿರ್ದೇಶಕನೂ ಆದ. ತಾನು ತಂದ ಗಂಟಿಗೆ ತಾನೇ ಕಾವಲು! ಬೇರೆಯವರಾದರೆ ಬಾಯಿಮುಚ್ಚಿ ಪಿಂಚಣಿ ಎಣಿಸುತ್ತಿದ್ದರು. ಇವನು ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಪತ್ರ ಬರೆದ, ಅವನ ನಂತರ ಬಂದವರಿಗೂ ಬರೆದ. ಬೇಡಿಕೆ ಒಂದೇ: ಇವು ಬ್ರೆಮೆನ್‌ನವು, ಕೊಟ್ಟುಬಿಡಿ. 1989ರಲ್ಲಿ ತಾನೇ ಬ್ರೆಮೆನ್‌ಗೆ ಹೋಗಿ ಹಾಳೆಗಳು ಕ್ಷೇಮವಾಗಿವೆ ಎಂದು ತಿಳಿಸಿ ಬಂದ. ಸರ್ಕಾರ ಸಂಗ್ರಹವನ್ನು 1991ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂಗೆ ಸಾಗಿಸಿತು. 1997ರಲ್ಲಿ ಬಾಲ್ಡಿನ್ ತೀರಿಕೊಂಡ.

ಮರುವರ್ಷ ರಷ್ಯಾ ಕಾನೂನು ಮಾಡಿ, ಯುದ್ಧದಲ್ಲಿ ತಂದ ಕಲಾಕೃತಿಗಳು ದೇಶದ ಸ್ವತ್ತೆಂದು ಸಾರಿತು. 2003ರಲ್ಲಿ ಸಂಸ್ಕೃತಿ ಸಚಿವ ಮಿಖಾಯಿಲ್ ಶ್ವಿಡ್ಕೊಯ್ ಇದಕ್ಕೊಂದು ದಾರಿ ಹುಡುಕಿದರು. ಬಾಲ್ಡಿನ್ ಚಿತ್ರಗಳನ್ನು ಒಯ್ದದ್ದು ಸೇನೆಯ ಅಪ್ಪಣೆಯಿಂದಲ್ಲ, ಸ್ವಂತ ಇಚ್ಛೆಯಿಂದ. ಹಾಗಾಗಿ ಸೂಟ್‌ಕೇಸಿಗೆ ಈ ಕಾನೂನು ಅನ್ವಯಿಸದು ಎಂಬುದು ಅವರ ವಾದ. ಕೆಲವು ಚಿತ್ರಗಳನ್ನು ಹರ್ಮಿಟಾಜ್‌ಗೆ ಬಿಟ್ಟುಕೊಡಲು ಬ್ರೆಮೆನ್ ಕೂಡ ಒಪ್ಪಿತ್ತು. ಅಷ್ಟರಲ್ಲಿ ಸಂಸತ್ತಿನಲ್ಲಿ ನಿಕೊಲಾಯ್ ಗುಬೆಂಕೊ ಸಿಡಿದೆದ್ದರು, ಪ್ರಾಸಿಕ್ಯೂಟರ್‌ಗಳ ಎಚ್ಚರಿಕೆಯೂ ಬಂತು, ಹಸ್ತಾಂತರ ನಿಂತೇ ಹೋಯಿತು. ಗುಬೆಂಕೊ ಕೂಡ ಹಿಂದೆ ಸಂಸ್ಕೃತಿ ಸಚಿವರಾಗಿದ್ದವರೇ. ಯುದ್ಧದಲ್ಲಿ ರಷ್ಯನ್ನರು ಕಳೆದುಕೊಂಡದ್ದು ಅಪಾರ, ಅವರ ಸಿಟ್ಟು ಸುಳ್ಳಲ್ಲ. ಆದರೆ ತಂದವನೇ ಹಿಂದಿರುಗಿಸಿ ಎಂದು ಗೋಗರೆದ ಮೇಲೂ ಇಂಥ ಹಠವೇ?

ಕಾರ್ನ್‌ತ್ಸೋದಿಂದ ಚೆದುರಿದ ಇನ್ನೊಂದು ಹಾಳೆಯ ಕತೆ ಕೇಳಿದರೆ ಮೈ ಇನ್ನಷ್ಟು ಉರಿಯುತ್ತದೆ. ಡ್ಯೂರರ್ 1496ರಲ್ಲಿ ಲೇಖನಿಯಿಂದ ಬರೆದ ‘ಹೆಂಗಸರ ಸ್ನಾನಗೃಹ’ ಅದು. ಚಿಕ್ಕ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಆರು ಹೆಂಗಸರು, ಇಬ್ಬರು ಮಕ್ಕಳು. ಯಾರ ಮೈಯನ್ನೂ ತಿದ್ದಿ ಚೆಂದ ಮಾಡುವ ಆತುರ ಇಪ್ಪತ್ತೈದರ ಡ್ಯೂರರ್‌ಗಿರಲಿಲ್ಲ. ಈ ಹಾಳೆ ಹೇಗೋ ಅಜರ್‌ಬೈಜಾನ್‌ನ ಬಾಕು ಮ್ಯೂಸಿಯಂ ಸೇರಿತ್ತು. 1993ರಲ್ಲಿ ಅಲ್ಲಿಂದ ಕಳವಾಯಿತು. 1997ರಲ್ಲಿ ಜಪಾನಿನ ಮಾಜಿ ಕುಸ್ತಿಪಟುವೊಬ್ಬ ಬ್ರೆಮೆನ್‌ನ ಹನ್ನೆರಡು ಚಿತ್ರಗಳನ್ನು 1.2 ಕೋಟಿ ಡಾಲರಿಗೆ ಮಾರಲು ಹೋಗಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದಾಗ ಅವುಗಳಲ್ಲಿ ಇದೂ ಇತ್ತು. ಹೀಗೆ ಕಳ್ಳರ ಕೈದಾಟಿದ ಚಿತ್ರ 2001ರಲ್ಲಿ ಬ್ರೆಮೆನ್ ಸೇರಿತು. ಬೂಟು ಕೊಟ್ಟು ಉಳಿಸಿಕೊಂಡವನ ಹಾಳೆಗಳಿಗೆ ಮಾತ್ರ ಇನ್ನೂ ಬಿಡುಗಡೆಯಿಲ್ಲ.