ಏಳು ತಂತಿಯ ನಾದ, ಒಂದು ಹಳೆಯ ಕ್ಯಾಸೆಟ್

ನಂಜನಗೂಡಿನ ರಥಬೀದಿಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ. ನಿವೃತ್ತ ಮೇಷ್ಟ್ರೊಬ್ಬರದು. ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಲ್ಲಿ ಹಳೆಯ ಟೇಪ್ ರೆಕಾರ್ಡರ್ ಒಂದು ಮೇಜಿಗೆ ಬರುತ್ತದೆ. ಕೇಳುಗರು ಇಬ್ಬರೇ: ಮೇಷ್ಟ್ರು ಮತ್ತು ತಿ. ನರಸೀಪುರದಿಂದ ಬಸ್ಸು ಹಿಡಿದು ಬರುವ ಅವರ ಬಾವ. ಕೇಳುವುದು ಹೆಚ್ಚಾಗಿ ಒಂದೇ ಕಛೇರಿ. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಮೃದಂಗ, ತಿರುಮಕೂಡಲು ಚೌಡಯ್ಯನವರ ಪಿಟೀಲು.

‘ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀರಿ?’ ಎಂದು ಮನೆಯಾಕೆ ಕೇಳುವುದುಂಟು. ಅದಕ್ಕೆ ಉತ್ತರ ಸುಲಭವಲ್ಲ.

ಇಂಗ್ಲೆಂಡಿನ ಬೀಟಲ್ಸ್ ತಂಡದ ಅಭಿಮಾನಿಗಳಿಗೂ ಇಂಥದ್ದೇ ಹುಚ್ಚು. ತಂಡ ಒಡೆದು ಅರ್ಧ ಶತಮಾನ ದಾಟಿದರೂ ಕೊನೆಯ ಆಲ್ಬಂ ಯಾವುದೆಂಬ ಚರ್ಚೆ ಅವರಲ್ಲಿ ನಿಂತಿಲ್ಲ. 1970ರಲ್ಲಿ ಬಿಡುಗಡೆಯಾದ ‘ಲೆಟ್ ಇಟ್ ಬಿ’ಯೋ, ಅದರ ಬಹುಪಾಲು ಧ್ವನಿಮುದ್ರಣವಾದ ಮೇಲೆ ಸಿದ್ಧಗೊಂಡು 1969ರಲ್ಲೇ ಹೊರಬಂದ ‘ಆ್ಯಬಿ ರೋಡ್’ ಆಲ್ಬಮ್ಮೋ? ನಮ್ಮ ಸಂಗೀತದಲ್ಲಿ ಆಲ್ಬಂ ಲೆಕ್ಕವಿಲ್ಲ. ಕಛೇರಿ ಮುಗಿಯಿತು, ಎದ್ದರು, ಇನ್ನೊಂದು ಊರಿಗೆ ರೈಲು ಹತ್ತಿದರು. ಇದೇ ಕೊನೆಯದೆಂದು ಯಾರೂ ಬರೆದಿಡಲಿಲ್ಲ. 1962ರಲ್ಲಿ ಪಳನಿಯವರು ಹೋದರು. 1967ರ ಜನವರಿ 19ರಂದು ಚೌಡಯ್ಯನವರು ಕಣ್ಮುಚ್ಚಿದರು. 1974ರಲ್ಲಿ ಚೆಂಬೈ. ಉಳಿದದ್ದು ಟೇಪುಗಳು ಮಾತ್ರ.

ಸಂಗಮದ ಹುಡುಗ

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ–ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ. 1910ರಲ್ಲಿ ಮೈಸೂರಿಗೆ ಬಂದು ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಗುರುವಿನ ಬಳಿ ಪಾಠ. ಮುಂದೆ ಅರಿಯಕ್ಕುಡಿ, ಮುಸಿರಿ, ಸೆಮ್ಮಂಗುಡಿ ಮುಂತಾದ ಘಟಾನುಘಟಿಗಳ ಪಕ್ಕದಲ್ಲಿ ಕುಳಿತು ಪಿಟೀಲು ನುಡಿಸಿದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಗೌರವ ಅವರನ್ನು ಅರಸಿ ಬಂತು. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಹುಟ್ಟಿದೂರನ್ನು ಅವರು ಹೆಸರಿನಲ್ಲೂ ಬಿಡಲಿಲ್ಲ, ಹಾಡಿನಲ್ಲೂ ಬಿಡಲಿಲ್ಲ!

ಅವರನ್ನು ಬೇರೆಯಾಗಿ ನಿಲ್ಲಿಸಿದ್ದು ಏಳು ತಂತಿಯ ಪಿಟೀಲು. ಮೈಕು ಇಲ್ಲದ ಕಾಲ. ಸಾವಿರ ಜನ ಸೇರಿದ ಚಪ್ಪರದಲ್ಲಿ ಗಾಯಕರ ಕಂಚಿನ ಕಂಠದ ಪಕ್ಕದಲ್ಲಿ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೊತೆ ತಂತಿ ಕಟ್ಟಿದರು. 1927ರ ಸುಮಾರಿಗೆ ಅದನ್ನು ಕಛೇರಿಯಲ್ಲಿ ಬಳಸತೊಡಗಿದರು. ನಾದ ತುಂಬಿಕೊಂಡಿತು. ಆದರೆ ಒಂದು ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು, ಕಮಾನು ಎರಡನ್ನೂ ಸಮನಾಗಿ ಉಜ್ಜಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಜೋಡಿ ತಂತಿಗಳು ಪರಸ್ಪರ ಜಗಳವಾಡುತ್ತವೆ. ಈ ಕಷ್ಟಕ್ಕೆ ಹೆದರದೇ ದುಡಿಯುವವರು ಎಷ್ಟು ಮಂದಿ? ಅವರ ನಂತರ ಏಳು ತಂತಿ ಕಛೇರಿಗಳಲ್ಲಿ ರೂಢಿಯಾಗಿ ನಿಲ್ಲಲಿಲ್ಲ.

ಬಾವ–ಭಾವಮೈದನ ವಾದ

ಇಬ್ಬರ ನಡುವಿನ ವಾದ ಹುಟ್ಟುವುದು ಇಲ್ಲಿಯೇ. ಬಾವ ಹುಡುಗರಾಗಿದ್ದಾಗ ತಂದೆಯ ಕೈಹಿಡಿದು ಮೈಸೂರಿಗೆ ಹೋಗಿ, ರಾಮೋತ್ಸವದ ಕಛೇರಿಯಲ್ಲಿ ಚೌಡಯ್ಯನವರನ್ನು ಒಂದೇ ಒಂದು ಸಲ ಕೇಳಿದವರು. ಮೇಷ್ಟ್ರಿಗೆ ಆ ಭಾಗ್ಯವಿಲ್ಲ. ಅವರ ಚೌಡಯ್ಯನವರು ರೇಡಿಯೋದಿಂದ, ಕ್ಯಾಸೆಟ್ಟಿನಿಂದ ಬಂದವರು.

‘ಇದು ಚೌಡಯ್ಯನೋರ ಪಿಟೀಲಲ್ಲ ಮೇಷ್ಟ್ರೇ, ಅದರ ನೆರಳು’ ಎನ್ನುತ್ತಾರೆ ಬಾವ. ‘ಮೈಕಿಲ್ದೆ ಕೇಳೋಕೆ ಅಂತ ಮಾಡಿದ ವಾದ್ಯಾನ ನೀವು ಮೈಕಲ್ಲಿ ಕೇಳ್ತಾ ಇದೀರ. ನಾನು ಜಗಲಿ ಪಕ್ಕದಲ್ಲೇ ಕೂತಿದ್ದೆ. ಎದೆಗೆ ಬಂದು ತಾಕ್ತಿತ್ತು.’

‘ಇರಬಹುದು ಬಾವ. ಆದ್ರೆ ನೀವು ಕೇಳಿದ್ದು ಒಂದು ಸಂಜೆ. ನಾನು ನಲವತ್ತು ವರ್ಷದಿಂದ ಕೇಳ್ತಾ ಇದೀನಿ’ ಎಂಬುದು ಮೇಷ್ಟ್ರ ಜವಾಬು.

ಯಾರ ಮಾತು ಸರಿ? ಬಾವ ಹೇಳುವುದರಲ್ಲಿ ಸತ್ಯವಿದೆ. ತುಂಬುನಾದಕ್ಕೆಂದು ಕಟ್ಟಿದ ಜೋಡಿ ತಂತಿ ಹಳೆಯ ಟೇಪಿನಲ್ಲಿ ಕೆಲವೆಡೆ ಒರಟಾಗಿ ಕೇಳಿಸುತ್ತದೆ. ಹೊಸಬರು ಅದನ್ನೇ ಹಿಡಿದು ‘ಇಷ್ಟೇನಾ?’ ಎಂದು ಮೂಗು ಮುರಿಯುವುದೂ ಉಂಟು. ಆದರೆ ಮೇಷ್ಟ್ರು ತೋರಿಸುವುದು ನಾದವನ್ನಲ್ಲ, ಒಡನಾಟವನ್ನು. ಚೆಂಬೈ ‘ವಾತಾಪಿ ಗಣಪತಿಂ’ ಎತ್ತಿಕೊಂಡು ಸ್ವರಕ್ಕೆ ಇಳಿದಾಗ, ಅವರು ಬಿಟ್ಟ ಜಾಗದಲ್ಲಿ ಪಿಟೀಲು ತಕ್ಷಣ ಉತ್ತರ ಕೊಡುತ್ತದೆ. ಎಲ್ಲಿಯೂ ಮುಂದೆ ನುಗ್ಗುವುದಿಲ್ಲ, ಹಿಂದೆಯೂ ಬೀಳುವುದಿಲ್ಲ.

ಪಳನಿಯವರದು ಎಡಗೈ ವಾದನ. ಎಡಗೈಯವರು ಮೃದಂಗಕ್ಕೆ ಕುಳಿತರೆ ಪಿಟೀಲಿನವರು ತಮ್ಮ ಮಾಮೂಲು ಜಾಗ ಬಿಟ್ಟು ಆಚೆ ಬದಿಗೆ ಸರಿಯಬೇಕು. ಇದಕ್ಕೆ ಒಪ್ಪದವರೂ ಇದ್ದ ಕಾಲವದು. ಪಳನಿಯವರ ಕೈಹಿಡಿದು ಮುಂದೆ ತಂದವರಲ್ಲಿ ಚೆಂಬೈ ಪ್ರಮುಖರು. ಮೂವರು ಹೀಗೆ ಹೊಂದಿಕೊಂಡು ಕುಳಿತದ್ದು ಟೇಪಿನಲ್ಲಿ ಕಾಣಿಸದು, ಆದರೆ ಕೇಳಿಸುತ್ತದೆ ಎಂದರೆ ತಪ್ಪಾಗಲಾರದು.

ಉಳಿಸಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಿಂದ ಇದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಲೆಕ್ಕವಿಲ್ಲದಷ್ಟು ಮಂದಿ. ಅವರಲ್ಲಿ ಚೌಡಯ್ಯನವರ ಪಿಟೀಲನ್ನು ಹತ್ತು ನಿಮಿಷ ಕೇಳಿದವರು ಎಷ್ಟು ಮಂದಿ ಇರಬಹುದು?

ಮೇಷ್ಟ್ರ ಕ್ಯಾಸೆಟ್ಟು ಈಗ ಸೊರಗಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒಂದೆರಡು ಕಡೆ ರಿಬ್ಬನ್ನು ಸುಕ್ಕಾಗಿದೆ. ತನಿ ಆವರ್ತನದ ನಡುವೆ ಮೃದಂಗ ಮುಳುಗಿ ಏಳುತ್ತದೆ. ಹೋದ ವರ್ಷ ಮೊಮ್ಮಗನೊಬ್ಬ ಅದನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಇಬ್ಬರ ಮೊಬೈಲಿಗೂ ಹಾಕಿಕೊಟ್ಟ. ಮೇಷ್ಟ್ರಿಗೆ ಸಮಾಧಾನವಾಯಿತು. ‘ನೆರಳು’ ಎಂದ ಬಾವನವರು ಮಾತ್ರ ಏನೂ ಹೇಳದೆ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಬಂದಾಗ ಅವರೇ ಒಪ್ಪಿಕೊಂಡರು. ಒಂದು ಬೆಳಗ್ಗೆ ಬೇಗ ಎದ್ದು, ತಿರುಮಕೂಡಲಿನ ಹೊಳೆದಂಡೆಗೆ ಹೋಗಿ, ಯಾರೂ ಇಲ್ಲದ ಸೋಪಾನಕಟ್ಟೆಯ ಮೇಲೆ ಮೊಬೈಲಿಟ್ಟು ಕೇಳಿದರಂತೆ. ‘ಎದೆಗೆ ತಾಕ್ತಾ?’ ಎಂದು ಮೇಷ್ಟ್ರು ಕೇಳಿದರು.

‘ಇಲ್ಲ’ ಎಂದರು ಬಾವ. ‘ಆದ್ರೆ ಅವತ್ತು ಅಪ್ಪ ಪಕ್ಕದಲ್ಲಿ ಕೂತು ತಾಳ ಹಾಕ್ತಿದ್ದದ್ದು ಗ್ಯಾಪ್ಕ ಬಂತು.’

ಓದುಗರೇ, ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಒಂದು ಟೇಪು ಇರಬಹುದು. ಇನ್ನೊಂದು ಮಳೆಗಾಲ ಕಾಯಬೇಡಿ. ಇಳಿಸಿ, ಒರೆಸಿ, ಒಮ್ಮೆ ಕೇಳಿ. ಜೊತೆಯಲ್ಲಿ ವಾದ ಮಾಡುವ ಬಾವನೊಬ್ಬನಿದ್ದರೆ ಇನ್ನೂ ಒಳ್ಳೆಯದು.